ಒಂದೇ ತೂತು, ಮೂರು ದೀಪ

ಹೈಸ್ಕೂಲಿನಲ್ಲಿ ಬೆಳಕಿನ ಪಾಠ ಶುರು ಮಾಡುವಾಗ ನಾನು ಮೊದಲು ಹೇಳುವ ಹೆಸರು ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್. ಸುಮಾರು 965ರಲ್ಲಿ ಇಂದಿನ ಇರಾಕಿನ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದವರು.

ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ, ಅದಕ್ಕೇ ನಮಗೆ ಕಾಣುತ್ತದೆ ಎಂದು ಪ್ರಾಚೀನ ಗ್ರೀಕ್ ವಿದ್ವಾಂಸರಾದ ಯೂಕ್ಲಿಡ್, ಟಾಲೆಮಿಯಂಥ ದೊಡ್ಡವರೇ ಬರೆದಿಟ್ಟಿದ್ದರು. ಇಬ್ನ್ ಅಲ್-ಹೈಥಮ್ ಅದನ್ನು ಒಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ ಅಲ್ವಾ? ಹಾಗಾದರೆ ಬೆಳಕೇ ಹೊರಗಿನಿಂದ ಕಣ್ಣಿಗೆ ಬರುತ್ತಿರಬೇಕು. ಇಷ್ಟು ಸರಳವಾಗಿ ಯೋಚಿಸುವುದಕ್ಕೆ ಎಂಥ ಧೈರ್ಯ ಬೇಕು!

ಅವರ ದೀಪಗಳ ಪ್ರಯೋಗ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಅದನ್ನು ಕ್ಲಾಸಿನಲ್ಲೇ ಮಾಡುತ್ತೇವೆ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡುತ್ತೇವೆ. ರಟ್ಟಿನಲ್ಲಿ ಒಂದು ಸಣ್ಣ ತೂತು. ಅದರ ಒಂದು ಕಡೆ ಮೂರು ಮೇಣದ ಬತ್ತಿ, ಇನ್ನೊಂದು ಕಡೆ ಬಿಳಿ ಹಾಳೆ. ಹಾಳೆಯ ಮೇಲೆ ಮೂರು ಬೆಳಕು ಬೇರೆ ಬೇರೆಯಾಗಿ ಬೀಳುತ್ತವೆ. ಎಡಗಡೆಯ ಬತ್ತಿಗೆ ಕೈ ಅಡ್ಡ ಹಿಡಿದರೆ ಹಾಳೆಯ ಬಲಗಡೆಯ ಬೆಳಕು ಮಾಯ! ಉಳಿದೆರಡು ಹಾಗೇ ಇರುತ್ತವೆ. ಅಂದರೆ ಬೆಳಕು ನೇರವಾಗಿ ಹೋಗುತ್ತದೆ. ಒಂದೇ ತೂತಿನಲ್ಲಿ ನುಸುಳಿದರೂ ಒಂದರೊಳಗೊಂದು ಕಲಸಿಹೋಗುವುದಿಲ್ಲ. ಮಕ್ಕಳು ಮತ್ತೆ ಮತ್ತೆ ಕೈ ಅಡ್ಡ ಹಿಡಿದು ನೋಡುತ್ತಾರೆ. ನಾನು ತಡೆಯುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತೇನೆ.

ಟಾಲೆಮಿಯ ಬರಹಗಳಲ್ಲಿ ಎಲ್ಲೆಲ್ಲಿ ತಾಳೆಯಾಗುವುದಿಲ್ಲ ಎಂದು ತೋರಿಸಲು ಅವರು ಒಂದು ಪುಸ್ತಕವನ್ನೇ ಬರೆದರು. ಹಿರಿಯರು ಹೇಳಿದ್ದನ್ನೂ ಪರೀಕ್ಷೆಗೆ ಒಡ್ಡಬೇಕು, ತನ್ನ ಮೇಲೂ ಅನುಮಾನ ಇರಬೇಕು ಎಂಬುದು ಅವರ ನಿಲುವು. ಬೆಳಕಿನ ಮೇಲಿನ ಅವರ ಗ್ರಂಥ ‘ಕಿತಾಬ್ ಅಲ್-ಮನಾಝಿರ್’ ಲ್ಯಾಟಿನ್‌ಗೆ ಹೋಯಿತು, 1572ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಚ್ಚಾಯಿತು. ಖಗೋಳ ವಿಜ್ಞಾನಿ ಕೆಪ್ಲರ್ ಕೂಡ ಅದನ್ನು ಓದಿದವರೇ.