ಗೆಲ್ಲದ ಪಕ್ಷಕ್ಕೆ ಹಾಕಿದ ವೋಟು ವೇಸ್ಟ್ ಅಲ್ವಾ?

ಚುನಾವಣೆ ಹತ್ತಿರ ಬಂದಾಗೆಲ್ಲ ಗೆಳೆಯರು, ನೆಂಟರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಸಣ್ಣ ಪಕ್ಷಗಳ ಪರ ನಾನು ಮಾತಾಡುತ್ತೇನೆ, ಕರಪತ್ರ ಹಂಚೋಕೂ ಹೋಗುತ್ತೇನೆ, ಅದಕ್ಕೆ. "ಅವರು ಗೆಲ್ಲಲ್ಲ ಅಂತ ನಿಮಗೂ ಗೊತ್ತು. ಸುಮ್ನೆ ಯಾಕೆ ವೋಟು ಹಾಳು ಮಾಡ್ತೀರಿ?"

ನನ್ನ ಉತ್ತರ ಯಾವಾಗಲೂ ಒಬ್ಬ ಮನುಷ್ಯನ ಹೆಸರಿನಿಂದ ಶುರುವಾಗುತ್ತದೆ. ಶಾಂತವೇರಿ ಗೋಪಾಲಗೌಡ.

ಅವರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಬಡ ಕುಟುಂಬ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ ಸೇರಿದ್ದರೆ ಅಧಿಕಾರದ ಬಾಗಿಲು ತೆರೆದೇ ಇತ್ತು. ಅವರು ಸಮಾಜವಾದಿ ಪಕ್ಷವನ್ನು ಆರಿಸಿಕೊಂಡರು. ಆ ಪಕ್ಷದ ಹತ್ತಿರ ದುಡ್ಡೂ ಇರಲಿಲ್ಲ, ಜಮೀನ್ದಾರರ ಬೆಂಬಲವೂ ಇರಲಿಲ್ಲ.

ಆಗಿನ ಮಲೆನಾಡನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಉಳುವವನು ಒಬ್ಬ, ಜಮೀನಿನ ಒಡೆಯ ಇನ್ನೊಬ್ಬ. ಬೆಳೆದದ್ದರಲ್ಲಿ ದೊಡ್ಡ ಪಾಲು ಗೇಣಿಗೆ ಹೋಗುತ್ತಿತ್ತು. ಆ ಗೇಣಿ ಭತ್ತವನ್ನು ಅಳೆಯುವ ಕೊಳಗದಲ್ಲೂ ಮೋಸ. ಒಡೆಯರು ಅಳೆದುಕೊಳ್ಳುವ ಕೊಳಗ ದೊಡ್ಡದಿರುತ್ತಿತ್ತು. ಸಾಗರ ತಾಲೂಕಿನ ಕಾಗೋಡಿನಲ್ಲಿ ಜಗಳ ಹತ್ತಿಕೊಂಡದ್ದೇ ಈ ಕೊಳಗದ ಅಳತೆಯಿಂದ. ಅಲ್ಲಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಈ ಗೇಣಿದಾರರನ್ನು ಎಚ್. ಗಣಪತಿಯಪ್ಪ ರೈತ ಸಂಘವಾಗಿ ಒಟ್ಟುಗೂಡಿಸಿದ್ದರು. ರೈತರು ಸರಿಯಾದ ಅಳತೆ ಕೇಳಿದರು. ಒಡೆಯರು ಅವರನ್ನು ಜಮೀನಿನಿಂದಲೇ ಹೊರಗೆ ಹಾಕಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ತಾವು ಉತ್ತಿದ್ದ ಗದ್ದೆಗೇ ರೈತರು ನೇಗಿಲು ಹೊತ್ತು ಇಳಿದರು, ಪೊಲೀಸರು ಹಿಡಿದರು, ಮರುದಿನ ಬೇರೆಯವರು ಇಳಿದರು. ಸಮಾಜವಾದಿ ಪಕ್ಷ ಅವರ ಜೊತೆ ನಿಂತಿತು, ಗೋಪಾಲಗೌಡರು ಮುಂಚೂಣಿಯಲ್ಲಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೆ ಒಳಗಾದರು.

ಆ ಸತ್ಯಾಗ್ರಹದಿಂದ ರೈತರಿಗೆ ಜಮೀನೇನೂ ಆಗಲೇ ಸಿಗಲಿಲ್ಲ. ಆದರೆ ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ ಬಂತು. ಅಲ್ಲಿಯವರೆಗೆ ಆಸ್ತಿ, ಓದು ಇದ್ದವರಿಗಷ್ಟೇ ಇದ್ದ ಮತದ ಹಕ್ಕು ಈಗ ಗೇಣಿದಾರನಿಗೂ ಸಿಕ್ಕಿತ್ತು. ಸಾಗರ–ಹೊಸನಗರ ಕ್ಷೇತ್ರದಲ್ಲಿ ಗೋಪಾಲಗೌಡರು ಗೆದ್ದರು. ಮೂವತ್ತು ಕೂಡ ತುಂಬಿರಲಿಲ್ಲ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 74, ಸಮಾಜವಾದಿಗಳಿಗೆ 3. "ಮೂರು ಜನ ಹೋಗಿ ಏನು ಮಾಡೋಕಾಗುತ್ತೆ" ಅಂತ ಆಗಲೂ ಕೇಳಿರುತ್ತಾರೆ, ಅಲ್ವಾ?

ಅವರ ಪ್ರಚಾರದ ರೀತಿ ನನಗೆ ಎಲ್ಲಕ್ಕಿಂತ ಇಷ್ಟ. "ಒಂದು ವೋಟು, ಒಂದು ನೋಟು" ಅಂತ ಕೇಳುತ್ತಿದ್ದರು. ಮತವನ್ನೂ ಕೊಡಿ, ಜೊತೆಗೆ ಒಂದು ರೂಪಾಯಿಯನ್ನೂ ಕೊಡಿ. ಇವತ್ತು ಅಭ್ಯರ್ಥಿಯೇ ಮತದಾರನ ಮನೆಗೆ ಕವರ್ ಕಳಿಸುವ ಕಾಲ. ಅಲ್ಲಿ ಮತದಾರನೇ ಅಭ್ಯರ್ಥಿಯ ಖರ್ಚು ಹೊತ್ತಿದ್ದ. ಒಂದು ರೂಪಾಯಿ ಕೊಟ್ಟ ಕೂಲಿಯವನಿಗೆ ಮುಂದೆ ಆ ಶಾಸಕನನ್ನು ನಿಲ್ಲಿಸಿ ಕೇಳುವ ಹಕ್ಕಿತ್ತು. ದೊಡ್ಡ ಕುಳ ಯಾರೂ ದುಡ್ಡು ಹಾಕಿರಲಿಲ್ಲ, ಹಾಗಾಗಿ ಗೆದ್ದ ಮೇಲೆ ತೀರಿಸಬೇಕಾದ ಋಣವೂ ಇರಲಿಲ್ಲ. ಸದನದಲ್ಲಿ ಅವರಿಗಿದ್ದ ಧೈರ್ಯಕ್ಕೆ ಇದೇ ಕಾರಣ ಅನ್ನೋದು ನನ್ನ ನಂಬಿಕೆ.

1957ರಲ್ಲಿ ಸೋತರು. ಆಗಲೂ ಪಕ್ಷ ಬಿಡಲಿಲ್ಲ, ಊರೂರು ತಿರುಗುವುದನ್ನೂ ಬಿಡಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು, 1967ರಲ್ಲಿ ಮತ್ತೆ ಗೆದ್ದರು. ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಸದನದಲ್ಲಿ ಬಿಡದೆ ಎತ್ತಿದ ಮಾತುಗಳು ಮುಖ್ಯವಾಗಿ ಎರಡು. ಉಳುವವನಿಗೆ ಭೂಮಿ ಕೊಡಿ. ಈ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ, ಕನ್ನಡದಲ್ಲಿ ಆಡಳಿತ ಮಾಡಿ. ಆರೋಗ್ಯ ಕೆಟ್ಟು 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ 49 ವರ್ಷ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಯಾಯಿತು. 1961ರ ಕಾನೂನಿನಲ್ಲಿ ಒಡೆಯರು ಸ್ವಂತ ಉಳುಮೆಗೆ ಅಂತ ಜಮೀನು ವಾಪಸ್ ಪಡೆಯೋಕೆ ದಾರಿ ಇತ್ತು. ಹೊಸ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ತಾಲೂಕು ಮಟ್ಟದಲ್ಲಿ ನ್ಯಾಯಮಂಡಳಿಗಳು ಬಂದವು. ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ, ರೈತನೇ ನಿಂತು ಹೇಳಬೇಕಿತ್ತು. ಗೇಣಿದಾರರು ಜಮೀನಿಗಾಗಿ ಅರ್ಜಿ ಹಾಕುತ್ತಿದ್ದ ಏಳನೇ ನಂಬರ್ ಫಾರಂ ಅಂದರೆ ಮಲೆನಾಡಿನ ಹಳಬರಿಗೆ ಇವತ್ತೂ ಥಟ್ಟನೆ ಗೊತ್ತಾಗುತ್ತದೆ.

ಇದನ್ನು ಮಾಡಿದ್ದು ದೇವರಾಜ ಅರಸು ಸರ್ಕಾರ. ಅದರ ಗೌರವ ಅರಸು ಅವರಿಗೇ ಸಲ್ಲಬೇಕು, ಅದು ಅಧಿಕಾರದಲ್ಲಿದ್ದ ದೊಡ್ಡ ಪಕ್ಷ ಮಾಡಿದ ಕೆಲಸ. ಆದರೆ ಆ ಪಕ್ಷ ಅದನ್ನು ಮಾಡಲೇಬೇಕಾದ ಹೊತ್ತು ತಾನಾಗಿ ಬರಲಿಲ್ಲ. ಕಾಗೋಡಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾರೋ ಅದನ್ನೇ ಕೇಳುತ್ತಾ ಬಂದಿದ್ದರು. ಹಾಗೆ ಕೇಳುವವರನ್ನು ಸದನಕ್ಕೆ ಕಳಿಸಿದ್ದು ನೀವು ವೇಸ್ಟ್ ಅನ್ನುವ ಆ ವೋಟುಗಳೇ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಆ ಚಳವಳಿಯಿಂದ ಬೆಳೆದವರು ಎಷ್ಟೋ ಜನ. 1967ರಲ್ಲಿ ಸೊರಬದಿಂದ ಶಾಸಕರಾದ ಬಂಗಾರಪ್ಪ, ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲ್. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು, ಬೇರೆ ಪಕ್ಷಗಳಿಂದ. ಕಾಗೋಡು ತಿಮ್ಮಪ್ಪ ಮಂತ್ರಿಯಾದರು, ಸಭಾಧ್ಯಕ್ಷರಾದರು, ಅದೂ ಕಾಂಗ್ರೆಸ್‌ನಿಂದ. ಸಮಾಜವಾದಿ ಪಕ್ಷ ಮಾತ್ರ ಒಡೆದು, ಕೂಡಿ, ಮತ್ತೆ ಒಡೆದು ಸಣ್ಣದಾಯಿತು. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಪಕ್ಷ ಉಳಿದಿದ್ದರೆ ಕೂಲಿಕಾರರ, ಜಮೀನೇ ಇಲ್ಲದವರ ಮಾತು ಮುಂದೆ ಇಷ್ಟು ಅನಾಥವಾಗುತ್ತಿರಲಿಲ್ಲ. 1974ರ ಕಾನೂನು ಗೇಣಿದಾರನಿಗೆ ಕೊಟ್ಟಷ್ಟನ್ನು ಕೂಲಿಯವನಿಗೆ ಕೊಡಲಿಲ್ಲ.

ಲೆಕ್ಕದ ಮಾತೂ ಒಂದಿದೆ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಜಾಸ್ತಿ ಬಂದರೆ ಸೋತವರಿಗೂ ಠೇವಣಿ ವಾಪಸ್ ಬರುತ್ತದೆ. ರಾಜ್ಯದಲ್ಲಿ ಒಂದು ಪಕ್ಷಕ್ಕೆ ಮಾನ್ಯತೆ ಸಿಗುವುದು ಕೂಡ ಮತಗಳ ಪ್ರಮಾಣ, ಗೆದ್ದ ಸ್ಥಾನ ನೋಡಿಯೇ. ಅದು ಸಿಕ್ಕರೆ ಚಿಹ್ನೆ ಆ ಪಕ್ಷಕ್ಕೇ ಉಳಿಯುತ್ತದೆ, ಮುಂದಿನ ಸಲ ಹೊಸ ಚಿಹ್ನೆ ಪರಿಚಯಿಸುವ ತಾಪತ್ರಯ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೋತವರಿಗೆ ಬಿದ್ದ ಮತವನ್ನು ಗೆದ್ದವರು ಎಣಿಸಿಯೇ ಎಣಿಸುತ್ತಾರೆ. ಮುಂದಿನ ಸಲ ಆ ಮತ ಹೇಗೆ ಸೆಳೆಯೋದು ಅಂತ ಯೋಚಿಸುತ್ತಾರೆ. ಗೆಲ್ಲೋ ಕುದುರೆಗೆ ದುಡ್ಡು ಕಟ್ಟಿದ ಹಾಗೆ ವೋಟು ಹಾಕಿದರೆ ಅವರಿಗೆ ಯೋಚಿಸುವ ಕಷ್ಟವೇ ಇರುವುದಿಲ್ಲ.

ಹಾಗಂತ ಎಲ್ಲ ಸಣ್ಣ ಪಕ್ಷಕ್ಕೂ ನಾನು ವೋಟು ಹಾಕುವುದಿಲ್ಲ. ಯಾರದೋ ಮತ ಒಡೆಯೋಕೆ ಅಂತಲೇ ದುಡ್ಡು ಕೊಟ್ಟು ನಿಲ್ಲಿಸಿದವರೂ ಇರುತ್ತಾರೆ. ಐದು ವರ್ಷ ಕಾಣದೆ ನಾಮಪತ್ರದ ದಿನ ಹಾರ ಹಾಕಿಕೊಂಡು ಬರುವವರೂ ಇರುತ್ತಾರೆ. ನಾನು ಕೇಳುವುದು ಎರಡೇ. ಚುನಾವಣೆ ಇಲ್ಲದ ದಿನಗಳಲ್ಲಿ ನೀವು ಯಾರ ಜೊತೆ ನಿಂತಿದ್ದಿರಿ? ವಿಧಾನಸಭೆಗೆ ಒಬ್ಬ ಅಭ್ಯರ್ಥಿ 40 ಲಕ್ಷದವರೆಗೆ ಖರ್ಚು ಮಾಡಬಹುದು ಅಂತಿದೆಯಲ್ಲ, ನಿಮ್ಮ ಖರ್ಚಿನ ದುಡ್ಡು ಯಾರದು? ಇವೆರಡಕ್ಕೂ ನೇರ ಉತ್ತರ ಕೊಟ್ಟವರಿಗೆ ನನ್ನ ವೋಟು ಕೊಡುತ್ತೇನೆ, ಕೈಲಾದಷ್ಟು ನೋಟನ್ನೂ ಕೊಡುತ್ತೇನೆ.