ಬಂದಿದ್ದು ಬರೀಲಾ, ಬರ್ಬೇಕಾಗಿದ್ದು ಬರೀಲಾ?

ಮಂಗಳವಾರದಿಂದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಫಸ್ಟ್ ಪಿಯುಸಿ ಹುಡುಗಿಯೊಬ್ಬಳು ಲ್ಯಾಬಿನಲ್ಲಿ ಕೇಳಿದ್ದು. "ಮೇಡಂ, ಬಂದಿದ್ದು ಬರೀಲಾ, ಬರ್ಬೇಕಾಗಿದ್ದು ಬರೀಲಾ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಗೊತ್ತಾಗದೆ ಕೇಳಿದಳು ಅಷ್ಟೆ. ಕೈಯಲ್ಲಿ ಪೆನ್ನು, ಮುಂದೆ ತೆರೆದ ರೆಕಾರ್ಡ್. ನಾನು ಗೋಡೆ ಗಡಿಯಾರ ನೋಡಿದೆ. ಬೆಲ್ಲಿಗೆ ಹತ್ತು ನಿಮಿಷವಿತ್ತು. "ಸ್ಟಾರ್ಚ್‌ಗೆ ನೀಲಿನೇ ಬರ್ಬೇಕು. ಅದನ್ನ ಹೊಡೆದು ಹಾಕಿ ಸರಿಯಾಗಿ ಬರಿ" ಎಂದೆ. ಅವಳು ಸ್ಕೇಲ್ ಇಟ್ಟು, ನೀಟಾಗಿ ಗೆರೆ ಎಳೆದು, ತಾನು ಬರೆದದ್ದನ್ನು ಹೊಡೆದು ಹಾಕಿದಳು.

ಅವತ್ತು ಇದ್ದದ್ದು ಎಲ್ಲರಿಗೂ ಗೊತ್ತಿರುವ ಪ್ರಯೋಗ. ಗಂಜಿ ನೀರಿಗೆ ಎರಡು ಹನಿ ಅಯೋಡಿನ್ ಹಾಕಬೇಕು. ಕಡು ನೀಲಿ ಬಂದರೆ ಸ್ಟಾರ್ಚ್ ಇದೆ ಅಂತ. ಆಮೇಲೆ ಗ್ಲೂಕೋಸ್ ಗುರುತಿಸಲು ಬೆನೆಡಿಕ್ಟ್ ಪರೀಕ್ಷೆ, ಮೊಟ್ಟೆಯ ಬಿಳಿಯ ಪ್ರೋಟೀನ್ ಗುರುತಿಸಲು ಬೈಯುರೆಟ್ ಪರೀಕ್ಷೆ. ದಾವಣಗೆರೆಯಲ್ಲಿ ಈ ಪಾಠ ಮಾಡುವುದು ನನಗೆ ತುಂಬ ಇಷ್ಟ. ಮಂಡಕ್ಕಿ ಊರು ಇದು. ಪ್ರತಿ ವರ್ಷ ಒಂದು ಹಿಡಿ ಮಂಡಕ್ಕಿ ತಂದು, ಒಂದೊಂದು ಕಾಳಿನ ಮೇಲೆ ಒಂದೊಂದು ಹನಿ ಬಿಡಿಸುತ್ತೇನೆ. ಬೆಳ್ಳಗಿದ್ದ ಕಾಳು ಕಣ್ಣೆದುರೇ ಕಪ್ಪಾದಾಗ ಮಕ್ಕಳು "ಹೋ" ಅನ್ನುತ್ತಾರೆ. ಆ "ಹೋ" ಕೇಳಿಸುವ ತನಕ ನನಗೆ ಪಾಠ ಮಾಡಿದ ಹಾಗೇ ಆಗುವುದಿಲ್ಲ.

ಮಂಗಳವಾರ ಕರೆಂಟ್ ಹೋಗಿ ಎಲ್ಲ ತಡವಾಗಿತ್ತು. ಸ್ಟಾರ್ಚ್ ಪುಡಿ ಕಲಸಿದ ನೀರು ಇನ್ನೂ ಒಲೆಯ ಮೇಲೆ ಕುದಿಯುತ್ತಿತ್ತು. ಒಲೆಯ ಪಕ್ಕದ ಟೇಬಲ್ ಅವಳದ್ದು. ಹಾಗಾಗಿ ಮೊದಲ ಟೆಸ್ಟ್ ಟ್ಯೂಬ್ ಅವಳಿಗೇ ಸಿಕ್ಕಿತು, ಹೊಗೆಯಾಡುತ್ತಿರುವಾಗಲೇ. ಅಯೋಡಿನ್ ಹಾಕಿದಳು. ನೀಲಿ ಬರಲಿಲ್ಲ. ಒಂದು ಕ್ಷಣ ಹೊಳೆದ ಹಾಗಾಗಿ ಹೋಯಿತಂತೆ, ಆಮೇಲೆ ಬರೀ ಹಳದಿ. ಅವಳು ಅದನ್ನೇ ಬರೆದಳು, "ನೀಲಿ ಬಣ್ಣ ಬರಲಿಲ್ಲ, ತಿಳಿ ಹಳದಿ ಇದೆ". ಉಳಿದ ಟೇಬಲ್‌ಗಳಲ್ಲಿ ಎಲ್ಲರ ರೆಕಾರ್ಡಿನಲ್ಲೂ "ನೀಲಿ-ಕಪ್ಪು" ಎಂದಿತ್ತು. ಅದರಲ್ಲಿ ಮೂರು ಜನ ಇನ್ನೂ ಅಯೋಡಿನ್ ಹಾಕಿಯೇ ಇರಲಿಲ್ಲ. ಗೈಡ್ ನೋಡಿ ಮೊದಲೇ ಬರೆದಿದ್ದರು. ಆ ಮೂವರಿಗೂ ನಾನು ಟಿಕ್ ಹಾಕಿದ್ದೇನೆ. ನೋಡಿ ಬರೆದವಳಿಗೆ ಹೊಡೆದು ಹಾಕು ಎಂದಿದ್ದೇನೆ.

ನಾಲ್ಕೂವರೆಗೆ ಲ್ಯಾಬ್ ಬೀಗ ಹಾಕುವಾಗ ನಮ್ಮ ಅಟೆಂಡರ್ ಕರೆದರು. "ಮೇಡಂ, ಬರ್ರಿ ಇಲ್ಲಿ. ಆ ಹುಡುಗಿ ಟ್ಯೂಬು ನೋಡ್ರಿ." ಸ್ಟ್ಯಾಂಡಿನಲ್ಲಿದ್ದ ಅವಳ ಟ್ಯೂಬು ಕಡು ನೀಲಿಯಾಗಿತ್ತು. "ಆಗ ಇರ್ಲಿಲ್ರಿ. ತಣ್ಣಗಾದ್ಮೇಲೆ ಬಂತು." ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಆ ಕೋಣೆಯಲ್ಲಿ ನಡೆಯುವುದನ್ನೆಲ್ಲ ಗಮನವಿಟ್ಟು ನೋಡುವವರು ಅವರೊಬ್ಬರೇ. ಇದನ್ನು ಅವರಿಗೆ ಎಂದೂ ಹೇಳಿರಲಿಲ್ಲ, ಈ ವಾರ ಹೇಳಿದೆ.

ಬಿಸಿ ಇರುವಾಗ ನೀಲಿ ಹೋಗುತ್ತದೆ, ತಣ್ಣಗಾದರೆ ಮರಳಿ ಬರುತ್ತದೆ ಎಂದು ನಾನು ಎಂಎಸ್ಸಿಯಲ್ಲಿ ಓದಿದ್ದೆ. ಓದಿದ್ದು ಕಣ್ಣೆದುರು ಬಂದಾಗ ಗುರುತೇ ಸಿಗಲಿಲ್ಲ. ಸ್ಟಾರ್ಚ್ ಅಂದರೆ ಗ್ಲೂಕೋಸ್‌ಗಳ ಉದ್ದನೆಯ ಸರ. ಅದರಲ್ಲಿ ಅಮೈಲೋಸ್ ಅನ್ನುವ ಭಾಗ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ, ಒಂದೊಂದು ಸುತ್ತಿಗೆ ಸುಮಾರು 6 ಗ್ಲೂಕೋಸ್. ಅಯೋಡಿನ್ ಆ ಸುರುಳಿಯ ಒಳಗೆ ಸಾಲಾಗಿ ಹೋಗಿ ಕೂರುತ್ತದೆ. ಹಾಗೆ ಕೂತಾಗ ಮಾತ್ರ ನೀಲಿ. ಬಿಸಿ ಮಾಡಿದರೆ ಸುರುಳಿ ಸಡಿಲವಾಗಿ ಅಯೋಡಿನ್ ಹೊರಗೆ ಬರುತ್ತದೆ. ಅಂದರೆ ಹುಡುಗಿ ನೋಡಿದ್ದು ಸರಿ. ಬರೆದದ್ದೂ ಸರಿ. ಗೈಡಿನಲ್ಲಿ ಇರುವುದಕ್ಕಿಂತ ಒಂದು ಹೆಜ್ಜೆ ಮುಂದಿನದನ್ನೇ ಅವಳು ನೋಡಿದ್ದಳು.

ಅವತ್ತು ರಾತ್ರಿ ಅಪ್ಪನ ನೆನಪು ಬಂತು. ಅಪ್ಪ ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ಸೈಜಿಂಗ್ ವಿಭಾಗದಲ್ಲಿದ್ದರು. ಹಾಸು ನೂಲಿಗೆ ಗಂಜಿ ಹಾಕುವ ಕೆಲಸ. ಗಂಜಿ ಇಲ್ಲದಿದ್ದರೆ ಮಗ್ಗದಲ್ಲಿ ಎಳೆ ಉಜ್ಜಿ ಉಜ್ಜಿ ಹರಿಯುತ್ತದೆ. ಗಂಜಿ ಹದಕ್ಕೆ ಬಂತಾ ಎಂದು ಎರಡು ಬೆರಳ ನಡುವೆ ಹಿಡಿದು ನೋಡುತ್ತಿದ್ದರಂತೆ. ಚಾರ್ಟಿನಲ್ಲಿ ಇಷ್ಟು ಹೊತ್ತು ಕುದಿಸಿ ಎಂದು ಬರೆದಿದ್ದರೂ, ಬೆರಳಿಗೆ ತೆಳ್ಳಗೆ ಅನಿಸಿದರೆ ತೆಳ್ಳಗಿದೆ ಎಂದೇ ಹೇಳುತ್ತಿದ್ದರು. ಅದಕ್ಕೆ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡದ್ದೂ ಇದೆ. ಅಂಥವರ ಮಗಳು ನಾನು.

ಹತ್ತಿ ನೂಲೂ ಗ್ಲೂಕೋಸ್‌ನ ಸರವೇ. ಸೆಲ್ಯುಲೋಸ್ ಅನ್ನುತ್ತೇವೆ, ಗಿಡದ ಜೀವಕೋಶದ ಗೋಡೆ ಅದರದ್ದೇ. ಆದರೆ ಅಲ್ಲಿ ಗ್ಲೂಕೋಸ್‌ಗಳು ಒಂದಕ್ಕೊಂದು ಕೈ ಹಿಡಿದಿರುವ ರೀತಿ ಬೇರೆ. ಸರ ಸುರುಳಿಯಾಗದೆ ನೇರ ನಿಲ್ಲುತ್ತದೆ. ಅಯೋಡಿನ್‌ಗೆ ಕೂರಲು ಜಾಗವಿಲ್ಲ, ನೀಲಿಯೂ ಇಲ್ಲ. ಅಕ್ಕಿ ನಮಗೆ, ಹುಲ್ಲು ದನಕ್ಕೆ ಆಗಿದ್ದೂ ಈ ಕೈ ಹಿಡಿಯುವ ರೀತಿಯಿಂದಲೇ. ದನದ ಹೊಟ್ಟೆಯಲ್ಲಿ ಸೆಲ್ಯುಲೋಸ್ ಬಿಡಿಸುವ ಸೂಕ್ಷ್ಮಜೀವಿಗಳಿವೆ, ನಮ್ಮ ಕರುಳಿಗೆ ಆ ಕೆಲಸ ಹೆಚ್ಚು ಆಗುವುದಿಲ್ಲ. ಒಂದೇ ಭತ್ತದ ಪೈರು ನೋಡಿ. ಭದ್ರಾ ನಾಲೆ ಕೆಳಗಿನ ಗದ್ದೆಯಲ್ಲಿ ಬೆಳೆದ ಮಗುವಿಗೆ ಇದಕ್ಕಿಂತ ಹತ್ತಿರದ ಕೆಮಿಸ್ಟ್ರಿ ಯಾವುದು? ನಾವು ಇದನ್ನು ಹೇಳದೆ ಫಾರ್ಮುಲಾ ಬಾಯಿಪಾಠ ಮಾಡಿಸುತ್ತೇವೆ.

ಬುಧವಾರ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. ಹಿರಿಯರೊಬ್ಬರು, "ಅಲ್ರೀ, ಎಕ್ಸ್‌ಟರ್ನಲ್ ಬಂದಾಗ ಹಳದಿ ಅಂತ ಬರೆದ್ರೆ ಮಾರ್ಕ್ಸ್ ಯಾರು ಕೊಡ್ತಾರೆ? ಸುಮ್ನೆ ತಲೆ ಕೆಡಿಸ್ಕೋಬೇಡಿ" ಎಂದರು. ಅವರು ಕೆಟ್ಟವರಲ್ಲ. ಬಡ ಮಕ್ಕಳ ಫೀಸು ತಾವೇ ಕಟ್ಟಿದವರು. ಅವರಿಗೆ ಮಕ್ಕಳು ಪಾಸಾಗಬೇಕು, ಅಷ್ಟೇ ಚಿಂತೆ. ಆದರೆ ಈ ಒಂದು ವಿಷಯದಲ್ಲಿ ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಪ್ರಯೋಗ ಮಾಡುವ ಮೊದಲೇ ಉತ್ತರ ಬರೆಯುವುದಾದರೆ ಲ್ಯಾಬ್ ಯಾಕೆ ಬೇಕು? ಆ ಅಯೋಡಿನ್, ಆ ಸ್ಪಿರಿಟ್ ಲ್ಯಾಂಪ್ ಯಾಕೆ?

ವೈಜ್ಞಾನಿಕ ವಿಧಾನ ಎಂದು ಮೊದಲ ವಾರದಲ್ಲೇ ಬೋರ್ಡಿನ ಮೇಲೆ ಬರೆಸುತ್ತೇನೆ. ನೋಡು, ಪ್ರಶ್ನೆ ಕೇಳು, ಊಹೆ ಮಾಡು, ಪರೀಕ್ಷಿಸು. ಮೊದಲನೇ ಮಾತೇ "ನೋಡು". ಅವಳು ನೋಡಿದಳು. ಎರಡನೆಯದು ಪ್ರಶ್ನೆ. ಅದನ್ನೂ ಕೇಳಿದಳು. ಬಂದಿದ್ದು ಬರೀಲಾ, ಬರ್ಬೇಕಾಗಿದ್ದು ಬರೀಲಾ? ಮೂರನೆಯದಕ್ಕೆ ಹೋಗದಂತೆ ಅಡ್ಡ ನಿಂತವಳು ನಾನು.

ನಮ್ಮ ಜಿಲ್ಲೆಯ ತುಂಬ ಮೆಕ್ಕೆಜೋಳ. ಅದೇ ಮೆಕ್ಕೆಜೋಳದ ಕಾಳಿನ ಮೇಲಿನ ಚುಕ್ಕೆಗಳನ್ನು ವರ್ಷಗಟ್ಟಲೆ ನೋಡಿದವರು ಅಮೆರಿಕದ ವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್. ಜೀನುಗಳು, ಅಂದರೆ ವಂಶವಾಹಿಗಳು, ಜಾಗ ಬದಲಿಸುತ್ತವೆ ಎಂದು ಅವರು 1950ರ ಸುಮಾರಿಗೆ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. ಜೀನು ಇದ್ದಲ್ಲೇ ಇರಬೇಕು ಎಂದು ಆಗಿನ ತಿಳಿವಳಿಕೆ. ನೊಬೆಲ್ ಬಂದದ್ದು 1983ರಲ್ಲಿ. ಅಷ್ಟು ವರ್ಷ ಅವರು ತಮ್ಮ ನೋಟ್ಸ್ ಮೇಲೆ ಗೆರೆ ಎಳೆಯಲಿಲ್ಲ. ಹದಿನಾರು ವರ್ಷದ ಹುಡುಗಿ, ಟೀಚರ್ ಎದುರಿಗೆ ನಿಂತಾಗ, ಎಳೆಯದೆ ಇನ್ನೇನು ಮಾಡಿಯಾಳು?

ಗುರುವಾರ ಪೋರ್ಷನ್ ಬಿಟ್ಟು ಅದೇ ಪ್ರಯೋಗ ಮತ್ತೆ ಮಾಡಿಸಿದೆ. ಮೊದಲು ಇಡೀ ಕ್ಲಾಸಿನ ಮುಂದೆ, "ಮಂಗಳವಾರ ಇವಳು ಬರೆದದ್ದು ಸರಿ, ನಾನು ಹೇಳಿದ್ದು ತಪ್ಪು" ಎಂದೆ. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವಳು ಹೆದರಿದಳು. "ಪರ್ವಾಗಿಲ್ಲ ಮೇಡಂ, ಪರ್ವಾಗಿಲ್ಲ" ಎಂದು ತಲೆ ತಗ್ಗಿಸಿದಳು. ಟೀಚರ್ ತಪ್ಪು ಒಪ್ಪಿಕೊಂಡರೆ ಮಕ್ಕಳಿಗೆ ಭಯ ಆಗುವ ಹಾಗೆ ಇಟ್ಟಿದ್ದೇವೆ ಅಲ್ವಾ, ಅದು ನನಗೆ ಬಹಳ ನೋವಾಯಿತು.

ಆಮೇಲೆ ಮೂರು ಟ್ಯೂಬು ಇಟ್ಟೆವು. ಒಂದರಲ್ಲಿ ಕುದಿಯುವ ಗಂಜಿ, ಇನ್ನೊಂದರಲ್ಲಿ ತಣ್ಣನೆಯ ಗಂಜಿ. ಮೂರನೆಯದರಲ್ಲಿ ಬರೀ ಬಿಸಿ ನೀರು. ಬಿಸಿಗೆ ಅಯೋಡಿನ್ನೇ ಕೆಟ್ಟುಹೋಗುತ್ತದಾ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ್ದಕ್ಕೆ ಆ ಮೂರನೆಯದು. ಹೀಗೆ ಹೋಲಿಸಿ ನೋಡಲು ಇಡುವುದಕ್ಕೆ ಕಂಟ್ರೋಲ್ ಅನ್ನುವ ಪದ ನಾನು ಆಗ ಹೇಳಿಕೊಟ್ಟೆ. ಮೂರಕ್ಕೂ ಎರಡೆರಡೇ ಹನಿ. ತಣ್ಣನೆಯದು ನೀಲಿ. ಬಿಸಿ ಗಂಜಿ ಹಳದಿ. ಬರೀ ನೀರೂ ಹಳದಿ. ಬಿಸಿಯ ಎರಡನ್ನೂ ನಲ್ಲಿ ನೀರಿನ ಕೆಳಗೆ ಹಿಡಿದಾಗ ಗಂಜಿಯದು ಮಾತ್ರ ತಳದಿಂದ ನೀಲಿಗೆ ತಿರುಗಿತು. ಆಗ ಬಂದ "ಹೋ" ಮಂಡಕ್ಕಿಯ "ಹೋ"ಗಿಂತ ಜೋರಾಗಿತ್ತು. ಮತ್ತೆ ಕಾಯಿಸಿದರು, ಹೋಯಿತು. ತಣ್ಣಗೆ ಮಾಡಿದರು, ಬಂತು. ಮೂರನೇ ಸಲಕ್ಕೆ ನೀಲಿ ಸ್ವಲ್ಪ ಮಂಕಾಗಿತ್ತು. ಕಾಯಿಸಿದಾಗಲೆಲ್ಲ ಒಂದಿಷ್ಟು ಅಯೋಡಿನ್ ಆವಿಯಾಗಿ ಹೋಗುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಇಬ್ಬರು ಅದನ್ನು ತಾವೇ ಊಹಿಸಿದ್ದರು.

ಅವಳು ಹೊಡೆದು ಹಾಕಿದ್ದ ಪುಟ ತಂದಳು. ಹೊಸ ಹಾಳೆ ಅಂಟಿಸಿಕೋ ಎಂದೆ. ಬೇಡ ಎಂದಳು. ಗೆರೆಯ ಕೆಳಗೆ, ಅದೇ ವಾಕ್ಯವನ್ನು ಇನ್ನೊಮ್ಮೆ ಬರೆದು, "ಬಿಸಿ ಇದ್ದಾಗ" ಎಂದು ಸೇರಿಸಿದ್ದಳು. ನಾನು ಸಹಿ ಮಾಡಿದೆ.

ಪುಸ್ತಕ ಎತ್ತಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. "ಮೇಡಂ, ಎಷ್ಟು ಬಿಸಿಗೆ ಹೋಗುತ್ತೆ ಅದು?"

ನಮ್ಮ ಲ್ಯಾಬಿನ ಥರ್ಮಾಮೀಟರ್ ಒಡೆದು ಆರು ತಿಂಗಳಾಯಿತು. ಫಿಸಿಕ್ಸ್‌ನವರ ಹತ್ತಿರ ಇದೆ. ಕೇಳಿಟ್ಟಿದ್ದೇನೆ, ಸೋಮವಾರ ಕೊಡುತ್ತಾರಂತೆ.