ಸುಂದರೇಶ್ವರ ಮಲಗಿದ ಮೇಲೆ ಮಧುರೈ

ಮಧುರೈಗೆ ಹೋಗುವ ನಮ್ಮ ಕಡೆಯವರದ್ದು ಒಂದೇ ಲೆಕ್ಕ. ಬೆಳಿಗ್ಗೆ ರೈಲಿಳಿ, ಸ್ನಾನ ಮಾಡು, ಮೀನಾಕ್ಷಿ ದರ್ಶನ, ಬಾಳೆ ಎಲೆ ಊಟ, ರಾಮೇಶ್ವರದ ಬಸ್ಸು. ನಾನೂ ಭಾವನೂ ಹೊರಟಿದ್ದು ಹಾಗೇ. ಹರಕೆ ಇದ್ದದ್ದು ರಾಮೇಶ್ವರಕ್ಕೆ. ಮಧುರೈ ದಾರಿಯಲ್ಲಿ ಸಿಗುವ ಊರು, ಅಷ್ಟೇ ಅಂದುಕೊಂಡಿದ್ದೆವು.

ಬೆಂಗಳೂರಲ್ಲಿ ರಾತ್ರಿ ತೂತ್ತುಕುಡಿ ರೈಲು ಹತ್ತಿದರೆ ಬೆಳಿಗ್ಗೆ ಮಧುರೈ. ಸ್ಟೇಷನ್ ಎದುರಿಗೇ ಲಾಡ್ಜುಗಳ ಸಾಲು. ವೆಸ್ಟ್ ಪೆರುಮಾಳ್ ಮೇಸ್ತ್ರಿ ಬೀದಿ ಅಂತ ಬೋರ್ಡು ನೋಡಿ ಭಾವ ಅಲ್ಲೇ ನಿಂತುಬಿಟ್ಟರು. ಮಂಡ್ಯದಲ್ಲಿ ಆಗ ಅವರ ಮನೆ ಕಟ್ಟೋ ಕೆಲಸ ನಡೀತಿತ್ತು, ಮೇಸ್ತ್ರಿ ಕೈಕೊಟ್ಟು ಹೋಗಿದ್ದ. "ಇಲ್ಲಿ ಮೇಸ್ತ್ರಿ ಹೆಸರನ್ನ ಬೀದಿಗೇ ಇಟ್ಟವ್ರಲ್ಲಪ್ಪ!" ಅಂದರು. ನಿಜಕ್ಕೂ ಅವನು ಮೇಸ್ತ್ರಿಯೇ. 1840ರ ದಶಕದಲ್ಲಿ ಬ್ಲ್ಯಾಕ್‌ಬರ್ನ್ ಅಂತ ಕಲೆಕ್ಟರ್ ಇದ್ದ. ಊರು ಬೆಳೆಯಲಿ ಅಂತ ಹಳೇ ಕೋಟೆ ಗೋಡೆ ಒಡೆಸಿ, ಕಂದಕ ಮುಚ್ಚಿಸಿದ. ಆ ಕೆಲಸದ ಉಸ್ತುವಾರಿ ನೋಡಿಕೊಂಡವರು ಮ್ಯಾರೆಟ್ ಎಂಬ ಸರ್ವೆಯವನು ಮತ್ತು ಈ ಪೆರುಮಾಳ್. ಇಬ್ಬರ ಹೆಸರಲ್ಲೂ ಬೀದಿಗಳಿವೆ. ಕಲೆಕ್ಟರ್‌ಗೆ ಸಿಕ್ಕಿದ್ದು ಒಂದು ದೀಪದ ಕಂಬ. ಅದನ್ನ ವಿಳಕ್ಕುತ್ತೂಣ್ ಅನ್ನುತ್ತಾರೆ, ಈಗಲೂ ನಿಂತಿದೆ.

ಲಾಡ್ಜಿನ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತದೆ. ಕೌಂಟರಿನಲ್ಲಿ "ಇಪ್ಪತ್ನಾಲ್ಕು ಅವರ್ ಸಾರ್" ಅಂದರು. ಬೆಳಿಗ್ಗೆ ಎಂಟಕ್ಕೆ ಬಂದವರು ಮಾರನೇ ದಿನ ಎಂಟಕ್ಕೆ ಬಿಟ್ಟರಾಯಿತು, ಅಲ್ವಾ? ಅಲ್ಲವಂತೆ. ಅವತ್ತೇ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತಟ್ಟಿ ಇನ್ನೊಂದು ದಿನದ ಬಾಡಿಗೆ ಕೇಳಿದರು. ಇಪ್ಪತ್ನಾಲ್ಕು ಗಂಟೆ ಬೇರೆ ರೂಮುಗಳಿಗೆ, ಈ ರೂಮಿಗೆ ನೂನ್ ಚೆಕ್‌ಔಟ್ ಅಂತ ವಾದ. ಭಾವ ಕನ್ನಡದಲ್ಲೇ ಜಗಳ ಮಾಡಿದರು, ಅರ್ಧಕ್ಕೆ ಇಳಿಯಿತು. ದೇವಸ್ಥಾನದ ಊರುಗಳಲ್ಲಿ ಲಾಡ್ಜ್ ಮಾಡುವವರು ದುಡ್ಡು ಕೊಡುವ ಮೊದಲೇ ರಸೀದಿಯ ಮೇಲೆ ಬಿಡುವ ಹೊತ್ತನ್ನ ಪೆನ್ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ. "ಗೋಪುರ ಕಾಣುವ ರೂಮು" ಅಂದರೆ ಮೊದಲು ಕಿಟಕಿ ತೆಗೆದು ನೋಡಿ. ನಮಗೆ ಕಂಡಿದ್ದು ಸಿಂಟೆಕ್ಸ್ ಟ್ಯಾಂಕು.

ಆದರೆ ಆ ಜಗಳದಿಂದಲೇ ಒಳ್ಳೆಯದಾಯಿತು. ಹೆಚ್ಚಿಗೆ ದುಡ್ಡು ಕೊಟ್ಟಿದ್ದೀವಿ, ರಾತ್ರಿ ಇಲ್ಲೇ ಮಲಗಿಯೇ ಹೋಗೋಣ ಅಂತ ಭಾವ ಹಟ ಹಿಡಿದರು. ಹಾಗಾಗಿ ನಾವು ಮಧುರೈಯ ರಾತ್ರಿ ನೋಡಿದೆವು. ಮಲಗಿದ್ದು ಮಾತ್ರ ಬಹಳ ತಡವಾಗಿ.

ದೇವಸ್ಥಾನಕ್ಕೆ ರಾತ್ರಿ ಎಂಟೂವರೆಗೆ ಹೋದೆವು. ಬೆಳಗಿನ ನೂಕುನುಗ್ಗಲು ಇರಲಿಲ್ಲ. ಫೋನ್ ಒಳಗೆ ಬಿಡುವುದಿಲ್ಲ. 2018ರ ಫೆಬ್ರುವರಿಯಲ್ಲಿ ಒಳಗಿನ ವೀರವಸಂತರಾಯ ಮಂಟಪದ ಅಂಗಡಿಗಳಿಗೆ ಬೆಂಕಿ ಬಿದ್ದ ಮೇಲೆ ಈ ಕಟ್ಟುನಿಟ್ಟು. ಯಾರ ಕೈಯಲ್ಲೂ ಫೋನಿಲ್ಲ, ಹಾಗಾಗಿ ಎಲ್ಲರೂ ಕಣ್ಣಲ್ಲೇ ನೋಡುತ್ತಿದ್ದರು. ಒಂಬತ್ತು ದಾಟಿದ ಮೇಲೆ ಸುಂದರೇಶ್ವರನ ಗುಡಿಯಿಂದ ಒಂದು ಚಿಕ್ಕ ಪಲ್ಲಕ್ಕಿ ಹೊರಗೆ ಬಂತು. ಅದರೊಳಗೆ ಮೂರ್ತಿ ಇಲ್ಲ, ಪಾದ ಮಾತ್ರ. ನಾದಸ್ವರ, ತವಿಲ್ ಮುಂದೆ. ಪಲ್ಲಕ್ಕಿ ಪ್ರಾಕಾರ ಸುತ್ತಿ ಮೀನಾಕ್ಷಿಯ ಗುಡಿ ಕಡೆ ತಿರುಗಿತು. ಅಲ್ಲಿ ಶಯನದ ಕೋಣೆ. ದಿನಾ ರಾತ್ರಿ ಶಿವ ಹೆಂಡತಿಯ ಕೋಣೆಗೆ ಮಲಗಲು ಹೋಗುತ್ತಾನೆ, ಬೆಳಿಗ್ಗೆ ಎದ್ದು ವಾಪಸ್ ಬರುತ್ತಾನೆ. ಮನೆಯ ಯಜಮಾನಿ ಅವಳು, ಇವನು ಮನೆ ಅಳಿಯ. "ದಿನಾನೂವಾ?" ಅಂತ ಭಾವ ಪಕ್ಕದಲ್ಲಿದ್ದ ಅಜ್ಜಿಯನ್ನ ಕೇಳಿದರು. ಅಜ್ಜಿಗೆ ಕನ್ನಡ ಬರದಿದ್ದರೂ ಪ್ರಶ್ನೆ ಅರ್ಥವಾಯಿತು. ನಿಮ್ಮ ಮನೇಲಿ ದಿನಾ ಮಲಗೋದಿಲ್ವಾ ಅನ್ನುವಂತೆ ನೋಡಿದರು.

ನಾನು ಅಂದುಕೊಂಡಿದ್ದು, ದೇವರೇ ಮಲಗಿದ ಮೇಲೆ ಊರೂ ಮಲಗುತ್ತದೆ ಅಂತ. ಹೊರಗೆ ಬಂದರೆ ಎಲ್ಲ ಉಲ್ಟಾ. ಊಟಕ್ಕೆ ಆಗ ಜನ ಹೊರಡುತ್ತಿದ್ದರು!

ಹಳೇ ಮಧುರೈ ಚೌಕದೊಳಗೆ ಚೌಕ. ನಡುವೆ ದೇವಸ್ಥಾನ. ಅದರ ಸುತ್ತ ಚಿತ್ತಿರೈ ಬೀದಿಗಳು, ಅವುಗಳ ಸುತ್ತ ಆವಣಿ ಮೂಲ ಬೀದಿಗಳು, ಆಮೇಲೆ ಮಾಸಿ, ಕೊನೆಗೆ ವೆಳಿ. ಹೆಚ್ಚಿನವು ತಮಿಳು ತಿಂಗಳ ಹೆಸರು. ಹೆಸರಿನ ಮುಂದೆ ಪೂರ್ವ, ಪಶ್ಚಿಮ ಸೇರಿಸಿಕೊಂಡರೆ ದಾರಿ ಸಿಕ್ಕಿತು ಅಂತ ಅರ್ಥ. ಈ ಬೀದಿಗಳ ಮೂಲೆಮೂಲೆಯಲ್ಲೂ ರಾತ್ರಿ ಇಡ್ಲಿ. ಬೆಂಗಳೂರಲ್ಲಿ ರಾತ್ರಿ ಜೀವನ ಅಂದರೆ ಗ್ಲಾಸು, ಸಂಗೀತ, ಹೊರಗೆ ಬೌನ್ಸರ್. ಇಲ್ಲಿ ಹನ್ನೊಂದು ಗಂಟೆಗೆ ಮೊಮ್ಮಗನನ್ನ ಸ್ಕೂಟರ್ ಮುಂದೆ ನಿಲ್ಲಿಸಿಕೊಂಡ ತಾತ, ಮೂಟೆ ಹೊತ್ತು ಬಂದ ಹಮಾಲರು, ಚಿನ್ನದ ಕೆಲಸ ಮುಗಿಸಿ ಬಂದ ಹುಡುಗರು, ಎಲ್ಲರೂ ಒಂದೇ ಬೆಂಚು. ನನಗೆ ಇದೇ ಇಷ್ಟವಾಯಿತು, ಮುಚ್ಚಿಡುವುದೇನಿದೆ.

ಒಂದು ತಳ್ಳುಗಾಡಿ ಮುಂದೆ ನಾನು ತಿನ್ನುವುದು ಬಿಟ್ಟು ನೋಡುತ್ತಲೇ ನಿಂತೆ. ನಮ್ಮಲ್ಲಿ ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತೇವೆ. ಅಲ್ಲಿ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹುಯ್ಯುತ್ತಾರೆ. ಬೆಂದ ಮೇಲೆ ಆ ಹೆಂಗಸು ಬಟ್ಟೆಯನ್ನ ಇಡ್ಲಿ ಸಮೇತ ಎತ್ತಿ ಬೋರಲು ಹಾಕಿದರು. ಹಿಂಭಾಗಕ್ಕೆ ಒಂದು ಚಿಮುಕು ನೀರು. ಒಂದು ತುದಿ ಹಿಡಿದು ಎಳೆದರೆ ಬಟ್ಟೆ ಸರ್ ಅಂತ ಬಂತು, ಇಡ್ಲಿ ಒಂದಗುಳೂ ಅಂಟಲಿಲ್ಲ. ಬೆರಳಿಗೆ ಬಿಸಿ ತಾಗುವುದು ಅವರಿಗೆ ಲೆಕ್ಕಕ್ಕೇ ಇಲ್ಲ. ಎಲೆಗೆ ಮೂರು ಚಟ್ನಿ ಬಿದ್ದವು. ನಾನು ತಿಂದು ಮುಗಿಸುವಷ್ಟರಲ್ಲಿ ಕೇಳದೆಯೇ ಸಾಂಬಾರ್ ಮತ್ತೆ ಬಂತು.

ಭಾವ ದರ್ಶನ ಮುಗಿಯಲಿ ಅಂತಲೇ ಕಾಯುತ್ತಿದ್ದರು. ನೇರ ಕರಿ ದೋಸೆಗೆ ಹೋದರು. ದಪ್ಪ ದೋಸೆ, ಅದರ ಮೇಲೆ ಮೊಟ್ಟೆ, ಅದರ ಮೇಲೆ ಮಟನ್ ಕೈಮಾ. "ಚೆನ್ನಾಗದೆ, ಆದ್ರೆ ನಮ್ಮ ಕಡೆ ಮಟನ್ ಚಾಪ್ಸ್ ಮುಂದೆ ನಿಲ್ಲಲ್ಲ" ಅಂದರು. ಅಂದು ಇನ್ನೊಂದು ತಿಂದರು.

ಜಿಗರ್‌ಥಂಡಾ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಬತ್ತಿಸಿದ ಹಾಲು, ಬಾದಾಮಿ ಗೋಂದು, ನನ್ನಾರಿ (ಸೊಗದೆ ಬೇರು) ಶರಬತ್ತು, ಮೇಲೆ ಒಂದು ಉಂಡೆ ಐಸ್‌ಕ್ರೀಂ. ನನಗೆ ವಿಪರೀತ ಸಿಹಿ ಅನ್ನಿಸಿತು. ಆ ಗೋಂದು ಗಂಟಲಲ್ಲಿ ಜಾರುವುದೂ ಹಿಡಿಸಲಿಲ್ಲ. ಕ್ಯೂ ನಿಂತು ಕುಡಿಯುವಂಥದ್ದಲ್ಲ ಅಂತ ನನ್ನ ಅಭಿಪ್ರಾಯ, ಮಧುರೈಯವರು ಬೈದರೂ ಸರಿ.

ಕ್ಯೂ ನಿಲ್ಲಬೇಕಾದದ್ದು ಪರುತ್ತಿಪಾಲ್‌ಗೆ. ಅಂದರೆ ಹತ್ತಿಕಾಳಿನ ಹಾಲು. ಹತ್ತಿಕಾಳು ನೆನೆಸಿ, ರುಬ್ಬಿ, ಹಾಲು ಹಿಂಡಿ, ಅಕ್ಕಿ ಹಿಟ್ಟು, ಬೆಲ್ಲ, ಒಣಶುಂಠಿ, ಏಲಕ್ಕಿ ಹಾಕಿ ಕುದಿಸುತ್ತಾರೆ. ಮೇಲೆ ಕಾಯಿತುರಿ. ಗಾಡಿಯ ದೊಡ್ಡ ಪಾತ್ರೆಯಿಂದ ಹಬೆಯಾಡುತ್ತಾ ಲೋಟಕ್ಕೆ ಬರುತ್ತದೆ. ಏನು ಅಂತ ಗೊತ್ತಾದ ಕೂಡಲೇ ಭಾವ ಹಿಂದೆ ಸರಿದರು. ಅವರ ಕೊಟ್ಟಿಗೆಯಲ್ಲಿ ಹಸುಗಳಿವೆ. "ಹತ್ತಿಕಾಳು ಹಿಂಡೀನ ನಾನು ದುಡ್ಡು ಕೊಟ್ಟು ಹಸೀಗೆ ತಿನ್ನುಸ್ತೀನಿ, ಅದು ಹಾಲು ಕೊಡ್ತದೆ. ಇವ್ರು ನಡುವೆ ಹಸೂನೇ ತೆಗೆದು ಹಾಕವ್ರೆ!" ನಾನು ಕುಡಿದೆ. ಗಟ್ಟಿಯಾಗಿ, ಶುಂಠಿಯ ಖಾರ ಹಿಂದಿನಿಂದ ಬರುವಂತೆ, ನಮ್ಮ ಗಸಗಸೆ ಪಾಯಸದ ಬಂಧು ಅನ್ನಿಸಿತು. ಭಾವ ಒಂದು ಗುಟುಕು ನೋಡಿ ಲೋಟ ವಾಪಸ್ ಕೊಡಲಿಲ್ಲ.

ವಿಳಕ್ಕುತ್ತೂಣ್ ಪಕ್ಕದ ಒಂದು ಬೀದಿಯಲ್ಲಿ ನಡೆಯುತ್ತಾ ಹೋಗುವಾಗ ಜವಳಿ ಅಂಗಡಿಗಳ ನಡುವೆ ಕಲ್ಲಿನ ಕಂಬಗಳು ಎದ್ದು ನಿಂತಿದ್ದವು. ಒಂದಲ್ಲ, ಹತ್ತು. ಕತ್ತೆತ್ತಿ ನೋಡಬೇಕು, ಅಷ್ಟು ಎತ್ತರ. ಮೇಲೆ ಛಾವಣಿ ಇಲ್ಲ, ಏನೂ ಇಲ್ಲ. ಮಧುರೈ ಆಳಿದ ದೊರೆ ತಿರುಮಲ ನಾಯಕ 1636ರಲ್ಲಿ ಕಟ್ಟಿಸಿದ ಅರಮನೆಯ ಉಳಿಕೆ. ಅರಮನೆಯಲ್ಲಿ ಈಗ ಉಳಿದಿರುವುದು ಕಾಲುಭಾಗ ಅನ್ನುತ್ತಾರೆ, ಟಿಕೆಟ್ ಕೊಟ್ಟು ನೋಡುವುದು ಅದನ್ನೇ. ಈ ಹತ್ತು ಕಂಬಗಳಿಗೆ ಟಿಕೆಟ್ಟೂ ಇಲ್ಲ, ನೋಡುವವರೂ ಇಲ್ಲ. ಒಂದರ ಬುಡದಲ್ಲಿ ಬೈಕು ನಿಲ್ಲಿಸಿದ್ದರು. ಬೀದಿಯ ಹೆಸರೇ ಹತ್ತು ಕಂಬದ ಬೀದಿ. ನನಗೆ ಅರಮನೆಗಿಂತ ಇದೇ ಮೇಲು ಅನ್ನಿಸಿತು.

ಮಾರನೇ ದಿನ ರಾಮೇಶ್ವರ ಆಯಿತು. ಹರಕೆ ತೀರಿತು. ಸಮುದ್ರ ಇತ್ತು, ಬಿಸಿಲಿತ್ತು. ವಾಪಸ್ ಮಧುರೈಗೇ ಬಂದೆವು, ರಾತ್ರಿ ರೈಲಿಗೆ ಹೊತ್ತಿತ್ತು. ಪಶ್ಚಿಮ ಮಾಸಿ ಬೀದಿಯ ಖಾದಿ ಅಂಗಡಿ ಮಾತ್ರ ಬಿಡಬೇಡಿ ಅಂತ ಲಾಡ್ಜಿನ ಎದುರಿನ ಟೀ ಅಂಗಡಿಯವರು ಹೇಳಿದ್ದರು. 1921ರ ಸೆಪ್ಟೆಂಬರ್ 22ರಂದು ಗಾಂಧಿ ಅಂಗಿ, ಟೋಪಿ ಬಿಟ್ಟು ತುಂಡು ಪಂಚೆ ಉಟ್ಟದ್ದು ಆ ಮನೆಯಲ್ಲಿ. ಗಾಂಧಿ ಬಟ್ಟೆ ಕಳಚಿದ ಮನೆಯಲ್ಲಿ ಈಗ ಬಟ್ಟೆ ಅಂಗಡಿ. ಭಾವ ಅಲ್ಲಿ ಎರಡು ಟವೆಲ್ ತಗೊಂಡರು.

ಟವೆಲ್ ಇಡಲು ಹೋದಾಗ ಬ್ಯಾಗಿನ ಜಿಪ್ ಕಿತ್ತುಬಂತು. ಹಾಗಾಗಿ ನಾವು ಟೈಲರ್ ಹುಡುಕಿದೆವು.

ಮೀನಾಕ್ಷಿ ಗುಡಿಯ ಪೂರ್ವ ಗೋಪುರದ ಎದುರಿಗೆ ಪುದು ಮಂಟಪ ಇದೆ. ಹೆಸರಿಗೆ ಹೊಸದು, ಕಟ್ಟಿಸಿದ್ದು ಅದೇ ತಿರುಮಲ ನಾಯಕ. ಬಹಳ ವರ್ಷ ಅದರ ಕಂಬಕಂಬದ ನಡುವೆ ಹೊಲಿಗೆ ಯಂತ್ರಗಳು ಓಡುತ್ತಿದ್ದವು. ಈಚೆಗೆ ಅಂಗಡಿಗಳನ್ನೆಲ್ಲ ಪಕ್ಕದ ಕುನ್ನತ್ತೂರ್ ಛತ್ರದ ಹೊಸ ಕಟ್ಟಡಕ್ಕೆ ಸಾಗಿಸಿದ್ದಾರೆ. ಅಲ್ಲಿ ಒಬ್ಬರು ನಮ್ಮ ಮಾತು ಕೇಳಿ ತಲೆ ಎತ್ತಿದರು. "ಬೆಂಗಳೂರಾ? ಬನ್ನಿ ಸಾರ್, ಕೂತ್ಕೊಳ್ಳಿ." ಹುಡುಗನಾಗಿದ್ದಾಗ ಕೆಲವು ವರ್ಷ ಚಿಕ್ಕಪೇಟೆಯಲ್ಲಿ ಹೊಲಿಗೆ ಕೆಲಸ ಮಾಡಿದವರಂತೆ. ನಮ್ಮ ಜೊತೆ ಕನ್ನಡ, ಗಿರಾಕಿಗಳ ಜೊತೆ ತಮಿಳು, ನಡುವೆ ಮನೆಯಿಂದ ಫೋನ್ ಬಂದರೆ ಸೌರಾಷ್ಟ್ರ ಭಾಷೆ. ಅವರ ಹಿರಿಯರು ಗುಜರಾತಿನ ಕಡೆಯಿಂದ ಬಂದವರು, ನಾಯಕರ ಕಾಲದಲ್ಲಿ ರೇಷ್ಮೆ ನೇಯಲು ಇಲ್ಲಿ ನೆಲೆ ನಿಂತವರು.

ಜಿಪ್ ನೋಡಿ ತಲೆ ಅಲ್ಲಾಡಿಸಿದರು. "ಇದು ಆಗಲ್ಲ. ಹೊಸ ಚೀಲ ಹೊಲಿದು ಕೊಡ್ತೀನಿ, ಹತ್ತು ನಿಮಿಷ." ಟೇಪು ಮುಟ್ಟಲಿಲ್ಲ. ಭಾವನ ಹಳೇ ಬ್ಯಾಗಿನ ಮೇಲೆ ಗೇಣು ಹಾಕಿದರು, ಬಟ್ಟೆಯ ಮೇಲೆ ಅದೇ ಗೇಣು, ಕತ್ತರಿ ಆಡಿಸಿದರು. ಪೆಡಲ್ ತುಳಿಯುತ್ತಲೇ ಮಾತು.

"ಮೊದಲು ಎಲ್ಲಿ ಕೂರ್ತಿದ್ರಿ ಅಣ್ಣ?" ಅಂದೆ.

"ಕಲ್ಲಾನೆಗೆ ಶಿವ ಕಬ್ಬು ತಿನ್ನಿಸ್ತಾನಲ್ಲ, ಆ ಕಂಬದ ಹತ್ರ. ನಮ್ಮಪ್ಪನೂ ಅಲ್ಲೇ. ಗಿರಾಕಿಗಳು ಆನೆ ಟೈಲರ್ ಅಂತಲೇ ಕೇಳ್ಕೊಂಡು ಬರೋರು. ಈಗ ಅಂಗಡಿ ನಂಬರ್ ಹೇಳ್ಬೇಕು. ನಂಬರ್ ಯಾರಿಗೆ ನೆನಪಿರುತ್ತೆ?"

"ಇಲ್ಲಿ ಚೆನ್ನಾಗಿಲ್ವಾ?" ಭಾವ ಕೇಳಿದರು.

"ಚೆನ್ನಾಗಿದೆ ಸಾರ್. ಶಟರ್ ಇದೆ, ಲೈಟಿದೆ. ಅಲ್ಲಿ ಇಲಿ ಕಾಟ, ಕತ್ತಲೆ. ಆದ್ರೆ ಬೇಸಿಗೆಯಲ್ಲಿ ಬೆನ್ನು ಆ ಕಲ್ಲಿಗೆ ಕೊಟ್ರೆ ಸಾಕು, ಫ್ಯಾನೇ ಬೇಡ. ಇಲ್ಲಿ ಎರಡು ಫ್ಯಾನು. ಕರೆಂಟ್ ಬಿಲ್ಲು ನಂದು." ಸ್ವಲ್ಪ ಹೊತ್ತು ತುಳಿದು ಮತ್ತೆ ಅಂದರು, "ಕಂಬಕ್ಕೂ ಒಳ್ಳೇದೇ ಬಿಡಿ. ನಾವು ಮೊಳೆ ಹೊಡೆದಿದ್ವಿ, ಬಟ್ಟೆ ನೇತು ಹಾಕೋಕೆ."

ಗೋಡೆಗೆ ಜರಿ ಅಂಚಿನ ಬಣ್ಣಬಣ್ಣದ ಅಂಗಿ, ಉದ್ದ ಟೋಪಿ ತೂಗುಹಾಕಿದ್ದರು. ನಾಟಕದ್ದಾ ಅಂದೆ. ಅಲ್ಲವಂತೆ, ಚಿತ್ತಿರೈ ಹಬ್ಬಕ್ಕೆ. ಅಳಗರ್ ಬೆಟ್ಟದ ಪೆರುಮಾಳ್, ಅಂದರೆ ವಿಷ್ಣು, ಮೀನಾಕ್ಷಿಗೆ ಅಣ್ಣ. ಅವನನ್ನ ಅಳಗರ್ ಅಂತಲೇ ಕರೆಯುತ್ತಾರೆ. ತಂಗಿಯ ಮದುವೆಗೆ ಅಂತ ಹೊರಡುತ್ತಾನೆ. ವೈಗೈ ಹೊಳೆಗೆ ಇಳಿಯುವಷ್ಟರಲ್ಲಿ ಮದುವೆ ಮುಗಿದಿರುತ್ತದೆ. ಸಿಟ್ಟು ಬಂದು ಊರೊಳಗೆ ಬಾರದೆ ವಾಪಸ್ ಹೋಗುತ್ತಾನೆ. ಅವನ ಮೇಲೆ ನೀರು ಚಿಮ್ಮಿಸುವ ಭಕ್ತರಿಗೆ ಈ ಉಡುಪು. ಅಳಗರ್ ಹಸಿರು ರೇಷ್ಮೆ ಉಟ್ಟು ಇಳಿದರೆ ಮಳೆ, ಬೆಳೆ ಚೆನ್ನಾಗಿ ಆಗುತ್ತದೆ ಅಂತ ಜನರ ನಂಬಿಕೆ. ಎರಡು ಬೇರೆ ಬೇರೆ ಹಬ್ಬಗಳನ್ನ ಹೀಗೆ ಒಟ್ಟಿಗೆ ಹೊಲಿದವನೂ ತಿರುಮಲ ನಾಯಕನೇ.

"ನಾನೂರು ವರ್ಷ ಆಗ್ತಾ ಬಂತು ಸಾರ್, ಒಂದು ವರ್ಷನೂ ಟೈಮಿಗೆ ಬಂದಿಲ್ಲ" ಅಂದರು ಟೈಲರ್.

ಭಾವ ನನ್ನ ಕಡೆ ತಿರುಗಿದರು. "ಭಾವಮೈದುನರೆಲ್ಲ ಹಿಂಗೇ ಬಿಡಿ" ಅಂದರು. ಟೈಲರ್ ಎಷ್ಟು ನಕ್ಕರು ಅಂದರೆ ಹೊಲಿಗೆ ಸೊಟ್ಟ ಹೋಯಿತು. ಅದನ್ನ ಬಿಚ್ಚಿ, ದಾರ ಹಲ್ಲಲ್ಲಿ ಕಚ್ಚಿ ಕತ್ತರಿಸಿ, ಮತ್ತೆ ಹೊಲಿದರು. ಚೀಲದ ಹಿಡಿಗೆ ಎರಡು ಸುತ್ತು ಜಾಸ್ತಿ ಹೊಲಿಗೆ ಹಾಕಿ ಎಳೆದು ತೋರಿಸಿದರು. ಭಾವ ಚೌಕಾಸಿ ಮಾಡಲಿಲ್ಲ. ಅವರು ಚೌಕಾಸಿ ಮಾಡದೆ ಕೊಂಡಿದ್ದನ್ನ ನಾನು ಬೇರೆಲ್ಲೂ ನೋಡಿಲ್ಲ.

ಕೊನೆಗೆ ಅಕ್ಕನಿಗೆ ಮಲ್ಲಿಗೆ. ಮಧುರೈ ಮಲ್ಲಿಗೆಗೆ 2013ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಗುರುತು ಸಿಕ್ಕಿದೆ, ಎಸಳು ದಪ್ಪ. ರೇಟು ದಿನಕ್ಕೊಂದು ಥರ, ಲಗ್ನ ಇದ್ದರೆ ಗಗನಕ್ಕೆ. ಊರಿಗೆ ಒಯ್ಯುವವರು ಕಟ್ಟಿದ ಹೂವು ತಗೊಳ್ಳಬೇಡಿ, ಬಿಗಿ ಮೊಗ್ಗು ಕೇಳಿ. ರೈಲಿನಲ್ಲಿ ಕಿಟಕಿ ಪಕ್ಕ ಇಡಬೇಡಿ. ನಮಗೆ ಹೂವಾಡಗಿತ್ತಿ "ನಾಳೆವರೆಗೂ ಹೀಗೇ ಇರುತ್ತೆ" ಅಂತ ಕಟ್ಟಿದ್ದನ್ನೇ ಕೊಟ್ಟರು. ಸೇಲಂ ದಾಟುವಷ್ಟರಲ್ಲಿ ಬೋಗಿಯೆಲ್ಲ ಘಮಘಮ, ಅಷ್ಟೂ ಅರಳಿಬಿಟ್ಟಿತ್ತು. ಮನೆಯಲ್ಲಿ ಅಕ್ಕ ಪೊಟ್ಟಣ ಬಿಚ್ಚಿದಳು. ಕಂದಿದ ಹೂವನ್ನ ಒಂದೊಂದಾಗಿ ಆರಿಸಿ ಹಾಕುತ್ತಾ ಕೇಳಿದಳು, "ಇದನ್ನ ಅಲ್ಲಿಂದ ಹೊತ್ಕೊಂಡು ಬಂದ್ರಾ? ಇಲ್ಲಿ ಮೈಸೂರು ಮಲ್ಲಿಗೆ ಸಿಕ್ತಿರಲಿಲ್ವಾ?"